ಹಸೆ ಹಾಡು ನುಂಗಿ ಕೂತ ಗಣಕಯಂತ್ರ ಮಹಾಶಯರಿಗೆ

ಕೋಲಾರ
ಡಿಸೆಂಬರ್ ೨೦೦೮

ನಡುಮನೆಯ ಕಿಟಕಿ ಪಕ್ಕದ ಮೇಜಿನ ಮೇಲೆ ವಿರಾಜಮಾನರಾಗಿರುವ ಮಾನ್ಯ ಗಣಕಯಂತ್ರ ಮಹಾಶಯರೇ,

ತಮ್ಮಿಂದ ಎಂಟಡಿ ದೂರದ ಅಡುಗೆಮನೆಯಿಂದ ಶಾಮಲಮ್ಮ ಮಾಡುವ ಅನಂತ ನಮಸ್ಕಾರಗಳು. ನಾವಿಲ್ಲಿ ಕ್ಷೇಮವಾಗಿದ್ದೇವೆ, ತಾವು ಕ್ಷೇಮವಾಗಿದ್ದೀರೋ ಇಲ್ಲವೋ ಎಂಬುದು ತಮ್ಮನ್ನು ಕೈಯಾರೆ ಕಟ್ಟಿದ ನಮ್ಮ ಯಜಮಾನರಿಗೂ ಎರಡು ತಿಂಗಳಿಂದ ತಿಳಿದಿಲ್ಲ. ಮೂವತ್ತು ವರ್ಷ ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಕನ್ನಡದ ಜೊತೆಗೆ ಪತ್ರಲೇಖನವನ್ನೂ ಕಲಿಸಿ ನಿವೃತ್ತಳಾದ ನನಗೆ, ದೂರನ್ನು ಮೊದಲು ಸಂಬಂಧಪಟ್ಟವರಿಗೆ ಖುದ್ದಾಗಿ ತಿಳಿಸಬೇಕು, ಫಲಿಸದಿದ್ದರೆ ಮಾತ್ರ ಬಹಿರಂಗವಾಗಿ ಬರೆಯಬೇಕು ಎಂಬ ಕ್ರಮ ಗೊತ್ತು. ಖುದ್ದಾಗಿ ತಿಳಿಸಿದ್ದಾಯಿತು, ಗದರಿದ್ದಾಯಿತು, ಒಮ್ಮೆ ಯಾರೂ ಇಲ್ಲದಾಗ ಪಕ್ಕೆಗೆ ಎರಡು ಬಿಟ್ಟದ್ದೂ ಆಯಿತು. ಆದ್ದರಿಂದ ಈ ಪತ್ರ, ಅದೂ ಕೈಬರಹದಲ್ಲಿ. ತಮ್ಮ ಮೇಲಿನ ದೂರನ್ನು ತಮ್ಮಲ್ಲೇ ಟೈಪು ಮಾಡಿ ತಮ್ಮ ಸುಪರ್ದಿಗೇ ಒಪ್ಪಿಸುವಷ್ಟು ಪೆದ್ದಿ ನಾನು ಈಗ ಅಲ್ಲ.

ತಮ್ಮ ಜನ್ಮವೃತ್ತಾಂತವನ್ನು ಓದುಗರಿಗಾಗಿ ಸಂಕ್ಷಿಪ್ತವಾಗಿ ನಿವೇದಿಸಿಕೊಳ್ಳುತ್ತೇನೆ. ನಮ್ಮ ಯಜಮಾನರು ಮಾಧವರಾಯರು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವರು, ಅಂಗಡಿಯಲ್ಲಿ ಜೋಡಿಸಿ ಕೊಟ್ಟ ಯಾವ ವಸ್ತುವನ್ನೂ ನಂಬದವರು. ಬೆಂಗಳೂರಿನಿಂದ ಒಂದೊಂದೇ ಭಾಗವನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದು ತಮ್ಮನ್ನು ಕಟ್ಟಿದರು. ಅಲ್ಲಿಗೇ ನಿಲ್ಲಿಸಿದ್ದರೆ ತಾವೂ ಊರಿನ ಉಳಿದ ಗಣಕಯಂತ್ರಗಳ ಹಾಗೆ ಸಾಮಾನ್ಯ ಸಂಸಾರಿಗಳಾಗಿ ಬಾಳುತ್ತಿದ್ದಿರಿ. ಆದರೆ ವಿದೇಶದ ಒಂದು ದೊಡ್ಡ ಕಂಪನಿ, ತಾನು ಮಾಡಿದ ಪೆಟ್ಟಿಗೆ ಬಿಟ್ಟು ಬೇರೆ ಪೆಟ್ಟಿಗೆಗೆ ಹಾಕಬಾರದು ಎಂದು ಕಟ್ಟಪ್ಪಣೆ ಮಾಡಿದ್ದ ಆಪರೇಟಿಂಗ್ ಸಿಸ್ಟಮ್ಮನ್ನೇ ತಂದು ಇವರು ತಮ್ಮೊಳಗೆ ಇಳಿಸಿದರು. ಕೇಳಿದ್ದಕ್ಕೆ, "ಕಂಪನಿ ಹೇಳಿದ್ದಕ್ಕೆಲ್ಲ ಹೂಂ ಅನ್ನೋದಾದ್ರೆ ನಾನ್ಯಾಕೆ ಓದ್ಬೇಕಿತ್ತು ಕಣೇ" ಎಂದರು.

ತಮ್ಮ ಸದ್ಗುಣಗಳನ್ನು ಕೊಂಡಾಡದೆ ಮುಂದೆ ಹೋಗುವುದು ಸೌಜನ್ಯವಲ್ಲ. ಈ ಯಂತ್ರದ ಮಿದುಳು ಯಾವುದು ಎಂದು ತಮ್ಮನ್ನೇ ಕೇಳಿದರೆ "ಗೊತ್ತಿಲ್ಲ" ಎಂದು ಇಂಗ್ಲಿಷಿನಲ್ಲಿ ಬರೆದು ತೋರಿಸುವ ತಮ್ಮ ಪ್ರಾಮಾಣಿಕತೆ, ನಾನು ಕಂಡ ಎಷ್ಟೋ ಮುಖ್ಯೋಪಾಧ್ಯಾಯರಿಗೂ ಇರಲಿಲ್ಲ. ಒಮ್ಮೆ ಮಲಗಿದರೆ ಯಾರು ಎಬ್ಬಿಸಿದರೂ ಏಳದ ತಮ್ಮ ನಿದ್ರೆಯನ್ನು ಕಂಡು ನನಗೆ ಹೊಟ್ಟೆಕಿಚ್ಚೇ ಆಗಿದೆ. ಇನ್ನು ಕೆಲಸದ ನಡುವೆ ತಾವು ಕೈಚೆಲ್ಲಿದಾಗ ಪರದೆಯ ಮೇಲೆ ಬೂದು ಬಣ್ಣದ ತೆರೆ ಎಳೆದು, ದಯವಿಟ್ಟು ಆರಿಸಿ ಮತ್ತೆ ಹಚ್ಚಿ ಎಂದು ನಾಲ್ಕು ಭಾಷೆಗಳಲ್ಲಿ ವಿನಂತಿಸಿಕೊಳ್ಳುವ ತಮ್ಮ ಬಹುಭಾಷಾ ಪಾಂಡಿತ್ಯ ದೊಡ್ಡದು. ಆ ನಾಲ್ಕರಲ್ಲಿ ಕನ್ನಡವೂ ಇಲ್ಲ, ತೆಲುಗೂ ಇಲ್ಲ. ನಮ್ಮ ಮುಳಬಾಗಿಲು ಬಸ್ಸಿನ ಕಂಡಕ್ಟರು ಈ ಎರಡರಲ್ಲೂ ಉಸಿರು ಬಿಡದೆ ಬೈಯುತ್ತಾರೆ, ಅವರನ್ನು ಯಾರೂ ಕಂಪನಿಯಿಂದ ತರಿಸಿದ್ದಲ್ಲ.

ಇಷ್ಟೇ ಆಗಿದ್ದರೆ ನಾನು ತಮ್ಮ ಗೊಡವೆಗೆ ಬರುತ್ತಿರಲಿಲ್ಲ. ತಮ್ಮ ಹೊಟ್ಟೆಯಲ್ಲಿ ನಮ್ಮ ಸೋದರತ್ತೆ ಕೃಷ್ಣಮ್ಮನವರ ಹನ್ನೊಂದು ಹಾಡುಗಳಿದ್ದವು, ನನ್ನ ಜಗಳ ಅದರದು.

ಮುಳಬಾಗಿಲಿನ ನಮ್ಮ ಕಡೆಯ ಮನೆಗಳಲ್ಲಿ ಐವತ್ತು ವರ್ಷ, ವಧುವರರನ್ನು ಹಸೆಯ ಮೇಲೆ ಕೂರಿಸಿದ ಕೂಡಲೇ ಅತ್ತೆಯ ದನಿ ಏಳುತ್ತಿತ್ತು. ಮದುಮಗಳನ್ನು ಕರೆಯುವ ಸಾಲು ಕನ್ನಡದಲ್ಲಿ, ಬೀಗಿತಿಯನ್ನು ಚುಚ್ಚುವ ಸಾಲು ತೆಲುಗಿನಲ್ಲಿ. ಅಕ್ಕಪಕ್ಕ ಕೂತವರು ಸ್ವಲ್ಪ ಗಂಟಲೆತ್ತಿದರೂ ಅತ್ತೆ ಕಣ್ಣು ಬಿಡುತ್ತಿದ್ದುದರಿಂದ ನಮ್ಮಲ್ಲಿ ಯಾರೊಬ್ಬರೂ ಆ ಹಾಡುಗಳನ್ನು ಪೂರ್ತಿ ಕಲಿಯಲಿಲ್ಲ. ತೊಂಬತ್ತನಾಲ್ಕರಲ್ಲಿ ನಾನು ಒಂದು ಟೇಪ್‌ರೆಕಾರ್ಡರ್ ಹಿಡಿದು ಅವರ ಮುಂದೆ ಕೂತು ಮೂರು ಕ್ಯಾಸೆಟ್ ತುಂಬಿಸಿಕೊಂಡಿದ್ದೆ. ಈ ವರ್ಷದ ಯುಗಾದಿಯ ಹೊತ್ತಿಗೆ ಅವರಿಗೆ ಗಂಟಲಿನ ಆಪರೇಷನ್ ಆಗಿ ದನಿ ಪೂರ್ತಿ ಹೋಯಿತು. ಅಂದಿನಿಂದ ಮಕ್ಕಳ ಸ್ಲೇಟಿನ ಮೇಲೆ ಬಳಪದಲ್ಲಿ ಬರೆದು ಮಾತಾಡುತ್ತಾರೆ. ಅವರ ಮೊಮ್ಮಗಳು ಶ್ರೀಪ್ರಿಯಾಳ ಮದುವೆ ಮಾರ್ಗಶಿರಕ್ಕೆ ಗೊತ್ತಾದಾಗ ಅವರು ಆ ಸ್ಲೇಟಿನ ಮೇಲೆ ನನಗೆ ಬರೆದು ತೋರಿಸಿದ್ದು ಒಂದೇ ಮಾತು: "ಹಸೆಗೆ ನನ್ನ ಹಾಡು ಹಾಕಿಸೇ."

ಯಜಮಾನರು ಬೇಸಿಗೆಯಲ್ಲೇ ಮೂರೂ ಕ್ಯಾಸೆಟ್ಟುಗಳನ್ನು ತಂತಿ ಸೇರಿಸಿ ತಮ್ಮೊಳಗೆ ಹರಿಸಿದ್ದರು, ತಾವೂ ಆಗ ಇಂಪಾಗಿ ಹಾಡಿ ತೋರಿಸಿದ್ದಿರಿ. ತಮ್ಮನ್ನು ನಂಬಿ ನಾನು ಮಾಡಿದ್ದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ನವರಾತ್ರಿಗೆ ಗೊಂಬೆ ಕೂರಿಸಲು ಬೀರು ಖಾಲಿ ಮಾಡುತ್ತಿದ್ದಾಗ, ನಮಗೆ ತರಕಾರಿ ಕೊಡುವ ಸುಗಟೂರಿನ ಚನ್ನರಾಯಪ್ಪನವರು ಬಂದು, "ಅಮ್ಮಾ, ಈ ರೀಲು ಬ್ಯಾಡ ಅಂದ್ರೆ ನಮ್ಗೆ ಕೊಟ್ಬಿಡಿ, ರಾಗಿ ಹೊಲದ ಸುತ್ತ ಕಟ್ಕೊಂತೀನಿ, ಹಕ್ಕಿ ಕಾಟ ಜಾಸ್ತಿ ಆಗ್ಬಿಟ್ಟೈತೆ" ಎಂದರು. ಗಾಳಿಗೆ ಕ್ಯಾಸೆಟ್ಟಿನೊಳಗಿನ ಆ ಕರಿ ಪಟ್ಟಿ ಮಿಂಚುತ್ತ ಗುಂಯ್ಗುಟ್ಟಿದರೆ ಹಕ್ಕಿ ಹತ್ತಿರ ಸುಳಿಯುವುದಿಲ್ಲ. ಬೀರುವಿನಲ್ಲಿದ್ದ ಹಳೆಯ ಕ್ಯಾಸೆಟ್ಟುಗಳನ್ನೆಲ್ಲ ಚೀಲಕ್ಕೆ ತುಂಬಿ ಕೊಟ್ಟೆ, ಆ ಮೂರನ್ನೂ ಸೇರಿಸಿ. ಹೇಗೂ ಕಂಪ್ಯೂಟರಿನಲ್ಲಿದೆಯಲ್ಲ ಅಂದುಕೊಂಡೆ. ತಪ್ಪು ನನ್ನದು.

ಅದಾಗಿ ಹತ್ತೇ ದಿನಕ್ಕೆ ವಿಜಯದಶಮಿ ಬಂತು. ಹಿಂದಿನ ದಿನ ಆಯುಧಪೂಜೆಗೆ ತಮಗೂ ಅರಿಶಿನ ಕುಂಕುಮ ಇಟ್ಟು, ಫ್ಯಾನಿಗೆ ಸಿಕ್ಕದ ಹಾಗೆ ಸೇವಂತಿಗೆ ಹಾರ ಹಾಕಿ, ನಿಂಬೆಹಣ್ಣು ನಿವಾಳಿಸಿದ್ದೆವು. ವಿಜಯದಶಮಿಯ ದಿನ ವಿದ್ಯಾರಂಭ ಮಾಡಿಸಿದರೆ ಮಕ್ಕಳಿಗೆ ವಿದ್ಯೆ ಹತ್ತುತ್ತದೆ ಎಂಬುದು ನಮ್ಮಲ್ಲಿ ನಡೆದುಬಂದದ್ದು. ಭೌತಶಾಸ್ತ್ರದ ಮೇಷ್ಟ್ರು, ದೇವರ ಮುಂದೆ ಕೈಮುಗಿಯಲು ಮೂರು ಸಲ ಕರೆಸಿಕೊಳ್ಳುವವರು, ಅವತ್ತು ಮಾತ್ರ ರಾಹುಕಾಲ ಕಳೆಯುವವರೆಗೆ ಕಾದು, ತಮಗೂ ಹೊಸ ವಿದ್ಯೆ ಆರಂಭವಾಗಲಿ ಎಂದು ಆಪರೇಟಿಂಗ್ ಸಿಸ್ಟಮ್ಮಿನ ಹೊಸ ಆವೃತ್ತಿಯನ್ನು ತಮಗೆ ಕುಡಿಸಿದರು. ಕಂಪನಿಯದಲ್ಲದ ಪೆಟ್ಟಿಗೆಗೆ ಹೊಸ ಆವೃತ್ತಿ ಹಾಕಬೇಡಿ ಎಂದು ಅವರಂಥವರೇ ಸೇರುವ ಇಂಟರ್ನೆಟ್ಟಿನ ಜಗಲಿಯಲ್ಲಿ ದೊಡ್ಡಕ್ಷರದಲ್ಲಿ ಬರೆದಿತ್ತಂತೆ. ಇವರು ಮುಹೂರ್ತ ನೋಡಿದರು, ಅದನ್ನು ನೋಡಲಿಲ್ಲ.

ತಮಗೆ ಹತ್ತಿದ ವಿದ್ಯೆ ಮೌನ. ತಾವು ಎದ್ದಿರಿ, ಪರದೆ ಬೆಳಗಿತು, ಹನ್ನೊಂದು ಹಾಡಿನ ಹೆಸರೂ ಸಾಲಾಗಿ ಕಂಡವು. ಒತ್ತಿದರೆ ಹಸಿರು ಗೆರೆಗಳು ಏರಿಳಿದವೇ ಹೊರತು ಸ್ಪೀಕರಿನಿಂದ ಒಂದು ಸೊಲ್ಲೂ ಬರಲಿಲ್ಲ. ಜೊತೆಗೆ ತಾವು ಸಿ.ಡಿ. ಬರೆಯುವ ಪೆಟ್ಟಿಗೆಯನ್ನೂ ಪೆನ್ ಡ್ರೈವನ್ನೂ ಗುರುತಿಸುವುದನ್ನು ಬಿಟ್ಟಿರಿ, ಹೊಸದಾಗಿ ಸಾಹುಕಾರರಾದವರು ಹಳೆಯ ನೆಂಟರನ್ನು ಬಿಡುವ ಹಾಗೆ. ನಮ್ಮ ಫೋನಿನ ತಂತಿಯ ಇಂಟರ್ನೆಟ್ಟು ಹಾಡಿನಷ್ಟು ಭಾರ ಹೊರದು. ಹಾಡನ್ನು ತಮ್ಮಿಂದ ಹೊರಗೆ ತರುವ ದಾರಿಗಳೆಲ್ಲ ಮುಚ್ಚಿದವು.

ಆಮೇಲಿನ ಎಂಟು ವಾರ ನಮ್ಮ ಯಜಮಾನರು ತಮ್ಮ ಸೇವೆಯಲ್ಲಿ ಸವೆದದ್ದನ್ನು ತಾವು ಬಲ್ಲಿರಿ. ತಮ್ಮ ಪಕ್ಕೆಯ ತಗಡು ಬಿಚ್ಚಿದ್ದನ್ನು ಮತ್ತೆ ಹಾಕಿದ್ದು ಕಾಣಲಿಲ್ಲ. ಕಪ್ಪು ಪರದೆಯ ಮೇಲೆ ಓಡುವ ಬಿಳಿ ಅಕ್ಷರಗಳನ್ನು ಸಹಸ್ರನಾಮದ ಹಾಗೆ ದಿನಕ್ಕೆರಡು ಸಲ ಪಾರಾಯಣ ಮಾಡಿದರು. ಪೋಲೆಂಡಿನ ಯಾವನೋ ಪುಣ್ಯಾತ್ಮ ಹೇಳಿದ ಎಂದು ತಮ್ಮಿಂದ ಸದ್ದು ಹೊರಡಿಸುವ ಒಂದು ಡ್ರೈವರ್ ತಂತ್ರಾಂಶ, ಬ್ರೆಜಿಲ್‌ನವನು ಹೇಳಿದ ಎಂದು ಇನ್ನೊಂದು, ಹೀಗೆ ಹದಿನಾಲ್ಕು ಡ್ರೈವರುಗಳನ್ನು ಬದಲಾಯಿಸಿದರು. ಪ್ರತಿ ಸಲವೂ, "ಶಾಮಲಾ, ಇದೊಂದು ಕೂತ್ಬಿಟ್ರೆ ಆಯ್ತು ಕಣೇ" ಎನ್ನುವುದು. ಯಾವುದೂ ಕೂರಲಿಲ್ಲ, ಅವರೂ ಊಟಕ್ಕೆ ಕೂರಲಿಲ್ಲ. ಕೊನೆಗೆ ನಾನೇ ಹಟ ಮಾಡಿ ತಮ್ಮ ಡಿಸ್ಕನ್ನು ಬಿಚ್ಚಿಸಿ ಬಸ್‌ಸ್ಟ್ಯಾಂಡಿನ ಹತ್ತಿರದ ಕಂಪ್ಯೂಟರ್ ಅಂಗಡಿಗೆ ಒಯ್ದೆ. ಅಲ್ಲಿಯ ಯಂತ್ರಕ್ಕೆ ತಮ್ಮ ಡಿಸ್ಕಿನ ಬರಹ ಓದಲು ಬಾರದೆ, ಅಂಗಡಿಯಾತ, "ಇದ್ರಲ್ಲಿ ಏನೂ ಇಲ್ಲ ಮೇಡಂ, ಫಾರ್ಮ್ಯಾಟ್ ಮಾಡು ಅಂತೈತೆ, ಮಾಡ್ಬಿಡ್ಲಾ?" ಎಂದು ಬೆರಳನ್ನು ಗುಂಡಿಯ ಮೇಲಿಟ್ಟ. ನಾನು ಆವತ್ತು ಕಿರುಚಿದ ರಭಸಕ್ಕೆ ಪಕ್ಕದ ಜ್ಯೂಸ್ ಅಂಗಡಿಯವನು ಓಡಿಬಂದ. ಡಿಸ್ಕನ್ನು ಎದೆಗವಚಿಕೊಂಡು ಮನೆಗೆ ಬಂದೆ.

ಮದುವೆಯ ದಿನ ಬಂತು. ಯಜಮಾನರು ತಮ್ಮನ್ನು ಮುಳಬಾಗಿಲಿಗೆ ಹೊರಡಿಸಿದರು, ಅಲ್ಲೇ ಹದಿನೈದನೆಯ ಡ್ರೈವರ್ ಹಾಕಿ ನೋಡುತ್ತಾರಂತೆ. ಮದುವೆಯ ತರಕಾರಿ ಹೊತ್ತು ಹೊರಟಿದ್ದ ಚನ್ನರಾಯಪ್ಪನವರ ಟೆಂಪೋದಲ್ಲಿ ಬೂದುಗುಂಬಳಕಾಯಿಗಳ ನಡುವೆ ತಾವು ಕುಳಿತಿರಿ, ತಮ್ಮ ಮಾನಿಟರನ್ನು ಅವರ ಸೊಸೆ ಶ್ವೇತ ದಾರಿಯುದ್ದಕ್ಕೂ ಮಡಿಲಲ್ಲಿಟ್ಟುಕೊಂಡಿದ್ದಳು. ಇಷ್ಟು ಮರ್ಯಾದೆಯ ದಿಬ್ಬಣ ಮದುಮಗನಿಗೂ ಸಿಗಲಿಲ್ಲ. ಹಸೆ ಹಾಸಿದರು, ಶ್ರೀಪ್ರಿಯಾಳನ್ನೂ ಅಳಿಯನನ್ನೂ ಕೂರಿಸಿದರು, ಎಲ್ಲರೂ ತಮ್ಮ ಕಡೆ ತಿರುಗಿದರು. ಯಜಮಾನರು ಒತ್ತಿದರು. ಹಸಿರು ಗೆರೆ ಏರಿತು, ಇಳಿಯಿತು, ಅಷ್ಟೇ. ಬೀಗರ ಕಡೆಯ ಒಬ್ಬರು, "ಕರೆಂಟ್ ಇಲ್ವೇನೋ" ಎಂದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅತ್ತೆ ಮಾತ್ರ ಕುರ್ಚಿ ಎಳೆದುಕೊಂಡು ತಮ್ಮ ಪರದೆಯ ಹತ್ತಿರ ಬಂದು ಕೂತರು. ಗೆರೆ ಎಲ್ಲಿ ಚಪ್ಪಟೆಯಾಗಿತ್ತೋ ಅಲ್ಲಿಗೆ ಬೆರಳಿಟ್ಟು, ಸ್ಲೇಟಿನಲ್ಲಿ, "ಇಲ್ಲಿ ನಾನು ಉಸಿರು ತಗೊಂಡಿದೀನಿ" ಎಂದು ಬರೆದು, ಅದರ ಕೆಳಗೆ ಹಾಡಿನ ಮೊದಲ ಸಾಲು ಬರೆದರು. ಅತ್ತೆಯ ಹಿಂದೆ ತಮ್ಮ ತಂತಿ ಎತ್ತಿ ಹಿಡಿದು ನಿಂತಿದ್ದ ಶ್ವೇತ ಅದನ್ನು ಓದಿ, "ಅಜ್ಜೀ, ಈ ಹಾಡು ನಂಗೆ ಬರ್ತೈತೆ" ಎಂದಳು. ಎಲ್ಲಿಂದ ಬಂತೇ ಎಂದು ನಾನು ಕೇಳಿದರೆ ತಲೆ ತಗ್ಗಿಸಿ, "ನಮ್ಮಾವ ಹೊಲಕ್ಕೆ ಕಟ್ಟು ಅಂತ ರೀಲು ಕೊಟ್ರಲ್ಲಮ್ಮಾ, ಕೀಳೋಕ್ಮುಂಚೆ ಏನೈತೋ ನೋಡೋಣ ಅಂತ ಹಾಕ್ದೆ. ಚೆನ್ನಾಗಿತ್ತು. ಒಂದು ವಾರ ಹಾಕ್ಕೊಂಡೇ ಕೆಲಸ ಮಾಡ್ದೆ. ಆಮೇಲೆ ನಮ್ಮಾವ ಬೈದ್ರು, ಕಿತ್ತು ಕಟ್ಬಿಟ್ಟೆ" ಎಂದಳು.

ಅವಳು ಹಾಡಿದಳು. ರಾಗ ಅವಳಿಗೆ ಬರುತ್ತಿತ್ತು, ಮರೆತ ಮಾತನ್ನು ಅತ್ತೆ ಸ್ಲೇಟಿನಲ್ಲಿ ಬರೆದು ಹಿಡಿದರು, ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಕೈಯೆತ್ತಿ ತಡೆದರು. ತೆಲುಗಿನ ಸಾಲು ಬಂದಾಗ ಬೀಗಿತಿಗೆ ಎಲ್ಲಿ ನಾಟಬೇಕೋ ಅಲ್ಲಿಗೇ ನಾಟಿತು, ಚಪ್ಪರವೆಲ್ಲ ನಕ್ಕಿತು. ಪಕ್ಕದವರು ಗಂಟಲೆತ್ತಿದರೆ ಕಣ್ಣು ಬಿಡುತ್ತಿದ್ದ ಅತ್ತೆ ತೊಡೆ ತಟ್ಟಿ ತಾಳ ಹಾಕುತ್ತಿದ್ದರು. ನಾನು ಅತ್ತುಬಿಟ್ಟೆ, ಅದನ್ನು ಮುಚ್ಚಿಡುವುದಿಲ್ಲ. ಮಹಾಶಯರೇ, ಒಂದು ಮನೆಯ ಹಾಡು ಇನ್ನೊಂದು ಮನೆಯ ಗಂಟಲಿನಲ್ಲಿ, ಯಾವ ಕಂಪನಿಯ ಅಪ್ಪಣೆಯೂ ಇಲ್ಲದೆ, ಡ್ರೈವರೂ ಇಲ್ಲದೆ, ಮೊದಲ ಸಲಕ್ಕೇ ಕೆಲಸ ಮಾಡಿತು. ಗೆರೆ ತೋರಿಸಿದ ಪುಣ್ಯ ತಮ್ಮದು ಎಂದು ಯಜಮಾನರು ವಾದಿಸುತ್ತಿದ್ದಾರೆ. ಗೋಡೆಯ ಮೇಲಿನ ಬಿರುಕಿಗೂ ಅಷ್ಟು ಯೋಗ್ಯತೆ ಇದೆ.

ಈಗ ನನ್ನ ಸವಿನಯ ಪ್ರಾರ್ಥನೆಗಳು. ತಾವು ಇನ್ನು ಮುಂದೆ ಕೈಚೆಲ್ಲುವಾಗ ಮುಳಬಾಗಿಲಿನ ತೆಲುಗಿನಲ್ಲಿ ಬೈದು ಕೈಚೆಲ್ಲಬೇಕು. ಎಂಟು ವಾರದ ಯಜಮಾನರ ಊಟದ ಹೊತ್ತುಗಳನ್ನು ಬಿಸಿ ಬಿಸಿಯಾಗಿ ಹಿಂದಿರುಗಿಸಬೇಕು. ಅದು ಸಾಧ್ಯವಿಲ್ಲವಾದರೆ ರಾಜೀನಾಮೆ ಕೊಟ್ಟು, ಸುಗಟೂರಿನಲ್ಲಿ ಚನ್ನರಾಯಪ್ಪನವರ ಹೊಲದ ಬೇಲಿಗೆ ನೇತುಹಾಕಿಸಿಕೊಳ್ಳಲು ಒಪ್ಪಬೇಕು. ಅಲ್ಲಿ ತಮ್ಮ ಹಿರಿಯರಾದ ಮೂರು ಕ್ಯಾಸೆಟ್ಟುಗಳ ಪಟ್ಟಿ ಇನ್ನೂ ಇದೆ. ಗಾಳಿ ಬಂದರೆ ಅವು ಏನಾದರೂ ಒಂದು ಸದ್ದು ಮಾಡುತ್ತವೆ, ತಾವು ನೋಡಿ ಕಲಿಯಬಹುದು.

ಇಷ್ಟಾದರೂ ಪತ್ರಲೇಖನದ ಶಿಸ್ತು ಮೀರಲಾರದೆ,
ತಮ್ಮ ವಿಶ್ವಾಸಿ,
ಶಾಮಲಮ್ಮ

ವಿ.ಸೂ.: ಈ ಪತ್ರ ಮುಗಿಸಿ ಲಕೋಟೆ ಹುಡುಕುತ್ತಿದ್ದಾಗ ತಾವು ಹಾಡಿದಿರಿ. ಮುಳಬಾಗಿಲಿನಿಂದ ತಂದ ಮೇಲೆ ಯಜಮಾನರು ಕನ್ನಡಕ ಹಾಕಿಕೊಳ್ಳದೆ ಸ್ಪೀಕರಿನ ತಂತಿಯನ್ನು ಹಸಿರು ತೂತು ಬಿಟ್ಟು ಮೈಕಿನ ಗುಲಾಬಿ ತೂತಿಗೆ ಸಿಗಿಸಿದ್ದರು. ಹೊಸ ಆವೃತ್ತಿಗೆ ಎರಡು ತೂತುಗಳೂ ಅದಲುಬದಲಾಗಿ ಕಾಣುತ್ತವಂತೆ, ತಾವು ವಿಜಯದಶಮಿಯಿಂದಲೂ ಯಾರೂ ಕಿವಿಗೊಡದ ಆ ತೂತಿನಲ್ಲಿ ಹಾಡುತ್ತಲೇ ಇದ್ದಿರಂತೆ. ಗಂಟಲು ತೋರಿಸಲು ಕೋಲಾರಕ್ಕೆ ಬಂದಿದ್ದ ಅತ್ತೆ ಪಕ್ಕದಲ್ಲೇ ಇದ್ದರು. ಹದಿನಾಲ್ಕು ವರ್ಷದ ಹಿಂದಿನ ಸ್ವಂತ ದನಿಯನ್ನು ಒಂದು ಸಾಲು ಪೂರ್ತಿ, ಅಲುಗಾಡದೆ ಕೇಳಿದರು. ಆಮೇಲೆ ಸ್ಲೇಟು ಒರೆಸಿ ಬರೆದರು: "ಇದನ್ನ ನಿಲ್ಲಿಸು. ಶ್ವೇತನ್ನ ಕರೆಸು."