ಕಳ್ಳನನ್ನು ಹಿಡಿದ ಸಿ.ಡಿ.

ಮುಳಬಾಗಿಲಿನ ನಮ್ಮ ಬೀದಿಯಲ್ಲಿ ಮೊದಲು ಕ್ಯಾಮೆರಾ ಹಾಕಿಸಿದ ಗೃಹಸ್ಥ ನಾನೇ. ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ಒಂದು ಗುರುವಾರ ಕೋಲಾರದ ಅಂಗಡಿಯವನು ಬಂದು ಜಗಲಿಯ ಮೂಲೆಯಲ್ಲಿ ಕ್ಯಾಮೆರಾ ಕೂರಿಸಿದ, ಒಳಗೆ ಟೀವಿ ಪಕ್ಕ ರೆಕಾರ್ಡ್ ಮಾಡುವ ಪೆಟ್ಟಿಗೆ ಇಟ್ಟ. "ಏನಾದ್ರೂ ಆದ್ರೆ ಫೋನ್ ಮಾಡಿ ಸಾರ್" ಅಂದ. ನಾನು ನಕ್ಕೆ. ಇಪ್ಪತ್ತಾರು ವರ್ಷ ಕಾಲೇಜಿನ ಕಚೇರಿ ಲೆಕ್ಕ ನೋಡಿಕೊಂಡವನಿಗೆ ಒಂದು ಪೆಟ್ಟಿಗೆ ಲೆಕ್ಕವೇ!

ಶನಿವಾರ ಬೆಳಗ್ಗೆ ಸ್ನಾನ ಮಾಡಿ ಪೂಜೆಗೆ ಮಣೆ ಮೇಲೆ ಕೂತೆ. ಬೆಳ್ಳಿ ಪಂಚಪಾತ್ರೆ ಇಲ್ಲ! ಮಾವನವರು ಮದುವೆಯಲ್ಲಿ ಕೊಟ್ಟದ್ದು. ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ. ಹೆಂಡತಿ ಪದ್ಮ ಓಡಿಬಂದಳು.

"ನಿನ್ನೆ ನಾಗಮ್ಮ ಪೂಜೆ ಪಾತ್ರೆಯೆಲ್ಲ ವಿಭೂತಿ ಹಾಕಿ ಉಜ್ಜಿ ಜಗಲಿ ಕಟ್ಟೆ ಮೇಲೆ ಬೋರಲು ಹಾಕಿದ್ಳು ರೀ. ಎಲ್ಲಾ ಒಳಗೆ ತಂದೆ ಅಂದ್ಕೊಂಡೆ."

ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆ ಸರೋಜಮ್ಮನವರು ಕೇಳದೇ ಸಲಹೆ ಕೊಟ್ಟರು: "ಉಜ್ಜಿದೋಳನ್ನೇ ಕೇಳಿ."

ಅದೇ ಹೊತ್ತಿಗೆ ಗೇಟು ತೆರೆದು ಒಳಗೆ ಬರುತ್ತಿದ್ದಳು ನಾಗಮ್ಮ. ಹದಿನೆಂಟು ವರ್ಷದಿಂದ ನಮ್ಮನೆಯಲ್ಲಿ ಕೆಲಸ ಮಾಡುತ್ತಿರುವವಳು. ಮಾತು ಅವಳ ಕಿವಿಗೆ ಬಿತ್ತು. ಅಳಲಿಲ್ಲ, ಕೂಗಾಡಲಿಲ್ಲ.

"ಸಾಮಿ, ಮೊನ್ನೆ ಕಣ್ಣು ಕೂರ್ಸಿದ್ದೀರಲ್ಲ, ಅದ್ರಲ್ಲಿ ನೋಡಿ. ನೋಡೋವರ್ಗೂ ನಾನು ಈ ಮೆಟ್ಲು ತುಳಿಯಾಕಿಲ್ಲ" ಅಂದು ಬಂದ ದಾರಿಯಲ್ಲೇ ಹೊರಟುಹೋದಳು.

ಪದ್ಮಳ ಕಣ್ಣಲ್ಲಿ ನೀರು. "ಇನ್ನು ಅವಳ ಮುಖ ಹೇಗ್ರೀ ನೋಡ್ಲಿ? ಬೀದೀಲಿ ಅವಳ ಹೆಸ್ರು ಕೆಟ್ಟೋಗುತ್ತೆ."

"ಹತ್ತೇ ನಿಮಿಷ ಕಣೇ. ಸತ್ಯ ಹೊರಗೆ ಬರುತ್ತೆ" ಅಂದೆ.

ಪೆಟ್ಟಿಗೆ ಹಚ್ಚಿದೆ. ಟೀವಿ ತುಂಬ ನೀಲಿ. ವಯರು ಸಡಿಲವಾಗಿರಬೇಕೆಂದು ಒಂದನ್ನು ಕಿತ್ತು ಇನ್ನೊಂದು ಕಡೆ ಹಾಕಿದೆ. ನೀಲಿ. ಪೆಟ್ಟಿಗೆಯ ತಲೆ ಮೇಲೆ ಎರಡು ಬಾರಿಸಿದೆ. ನೀಲಿ! ಕೊನೆಗೆ ಹಿಂದಿದ್ದ ಅಷ್ಟೂ ವಯರನ್ನು ಕಿತ್ತೆ. ಎರಡೇ ನಿಮಿಷದಲ್ಲಿ ಸರೋಜಮ್ಮನವರು ಬಾಗಿಲಲ್ಲಿ ನಿಂತಿದ್ದರು. ಅವರ ಮನೆಯ ಕೇಬಲ್ಲು ನಮ್ಮ ಮನೆಯಿಂದಲೇ ಹಾದುಹೋಗುವುದು ನನಗೆ ಮರೆತುಹೋಗಿತ್ತು. ಅವರು ಬೈಯುತ್ತಿರುವಾಗಲೇ ವಯರುಗಳನ್ನು ಹಾಗೂ ಹೀಗೂ ಸಿಕ್ಕಿಸಿದೆ. ಪದ್ಮ ಬಂದು ಟೀವಿ ರಿಮೋಟಿನಲ್ಲಿ ಒಂದೇ ಒಂದು ಗುಂಡಿ ಒತ್ತಿದಳು. ಚಿತ್ರ ಬಂತು. "ಡೀವಿಡಿ ನೋಡೋವಾಗ ಇದನ್ನೇ ತಾನೇ ಒತ್ತೋದು?" ಅಂದಳು.

ಚಿತ್ರ ನೋಡಿ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಕೋರೆಹಲ್ಲು, ಕೆಂಪು ನಾಲಿಗೆ, ಗುಡ್ಡೆ ಕಣ್ಣು!

"ಸಿಕ್ಕಿಬಿದ್ದ! ಮುಖವಾಡ ಹಾಕ್ಕೊಂಡು ಬಂದಿದ್ದಾನೆ ಕಳ್ಳ!"

"ರೀ, ಅದು ಕುಂಬಳಕಾಯಿ" ಅಂದಳು ಪದ್ಮ.

ನಿಜ. ಹೊಸ ಕ್ಯಾಮೆರಾಕ್ಕೆ ಬೀದಿಯವರ ದೃಷ್ಟಿ ತಾಗದಿರಲೆಂದು ಶುಕ್ರವಾರ ಬೆಳಗ್ಗೆ, ರಾಹುಕಾಲಕ್ಕೆ ಮುಂಚೆ, ರಾಕ್ಷಸನ ಮುಖ ಬರೆದ ಪುಟ್ಟ ಬೂದುಗುಂಬಳಕಾಯಿಯನ್ನು ನಾನೇ ನೇತುಹಾಕಿದ್ದೆ. ಸರಿಯಾಗಿ ಕ್ಯಾಮೆರಾದ ಕಣ್ಣೆದುರಿಗೆ. ದೃಷ್ಟಿ ತಾಗಲಿಲ್ಲ, ಕ್ಯಾಮೆರಾಕ್ಕೆ ದೃಷ್ಟಿಯೇ ಹೋಯಿತು!

ಅಷ್ಟಕ್ಕೇ ಮುಗಿಯಲಿಲ್ಲ. ಎದುರಿಗೆ ಏನಾದರೂ ಅಲುಗಾಡಿದರೆ ಮಾತ್ರ ರೆಕಾರ್ಡ್ ಮಾಡುವ ಜಾಣ ಪೆಟ್ಟಿಗೆ ಅದು. ಗಾಳಿ ಬೀಸಿದಾಗಲೆಲ್ಲ ಕುಂಬಳಕಾಯಿ ತೂಗಿದೆ, ತೂಗಿದಾಗಲೆಲ್ಲ ಪೆಟ್ಟಿಗೆ ಶ್ರದ್ಧೆಯಿಂದ ರೆಕಾರ್ಡ್ ಮಾಡಿಕೊಂಡಿದೆ. ಪುಟಗಟ್ಟಲೆ ಪಟ್ಟಿ! ಒಂದೊಂದೇ ತೆರೆದೆ. ಕುಂಬಳಕಾಯಿ. ಮತ್ತೆ ಕುಂಬಳಕಾಯಿ. ಈ ಕಸ ತೆಗೆದುಬಿಟ್ಟರೆ ಉಳಿದದ್ದು ಕಾಣುತ್ತದೆಂದು ರಿಮೋಟ್ ಒತ್ತಿದೆ. ಪೆಟ್ಟಿಗೆ ಇಂಗ್ಲಿಷಿನಲ್ಲಿ ಏನೋ ಕೇಳಿತು. ಒಪ್ಪಿಕೊಂಡೆ. ಮತ್ತೊಮ್ಮೆ ಕೇಳಿತು. ಇಷ್ಟು ವಿನಯದಿಂದ ಕೇಳುವವರಿಗೆ ಇಲ್ಲವೆನ್ನುವುದು ಹೇಗೆ? ಒಪ್ಪಿಕೊಂಡೆ. ಕುಂಬಳಕಾಯಿ ಹೋಯಿತು. ಎಲ್ಲವೂ ಹೋಯಿತು!

ಪದ್ಮ ಬೈಯಲಿಲ್ಲ. "ಆ ಹೆಂಗಸಿಗೆ ಇದ್ದ ಸಾಕ್ಷಿ ಅದೊಂದೇ" ಅಂದಳು. ಬೈದಿದ್ದರೇ ಚೆನ್ನಾಗಿತ್ತು. ನನಗೆ ನಿಜವಾಗಿ ನಾಚಿಕೆಯಾಯಿತು.

ಪೆಟ್ಟಿಗೆಯನ್ನು ತೊಡೆ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೋಲಾರಕ್ಕೆ ಹೋದೆ. ಅಂಗಡಿಯವನು ಅದನ್ನು ಕಂಪ್ಯೂಟರಿಗೆ ಹಾಕಿ ನೋಡಿದ. "ಪಟ್ಟಿ ಅಳಿಸಿದ್ದೀರ ಸಾರ್. ಚಿತ್ರ ಇನ್ನೂ ಒಳಗಿದೆ. ಪುಣ್ಯಕ್ಕೆ ಮತ್ತೇನೂ ಒತ್ತಿಲ್ಲ." ಸಂಜೆಯವರೆಗೆ ಕೂರಿಸಿಕೊಂಡು, ಶುಕ್ರವಾರ ಬೆಳಗಿನದಷ್ಟನ್ನು ಸಿ.ಡಿ.ಗೆ ಹಾಕಿಕೊಟ್ಟ. ಕೊಡುವಾಗ ಯಾಕೋ ನನ್ನನ್ನು ವಿಚಿತ್ರವಾಗಿ ನೋಡಿದ.

ಮಾರನೆಯ ದಿನ ಬೆಳಗ್ಗೆ ಪದ್ಮ ಹೋಗಿ ನಾಗಮ್ಮನನ್ನು ಕರೆತಂದಳು. ಸರೋಜಮ್ಮನವರು ಕರೆಯದೇ ಬಂದರು. ನಾನು ಗಂಭೀರವಾಗಿ ಸಿ.ಡಿ. ಹಾಕಿದೆ.

ಜಗಲಿ ಕಂಡಿತು. ನಾಗಮ್ಮ ಪಾತ್ರೆಗಳನ್ನು ಸಾಲಾಗಿ ಬೋರಲು ಹಾಕಿ ಹೋದಳು. ಆಮೇಲೆ ಒಬ್ಬ ಬಂದ. ಬನಿಯನ್, ಪಂಚೆ, ಕೈಯಲ್ಲಿ ಸ್ಟೂಲು. ಅತ್ತಿತ್ತ ನೋಡಿದ. ಪಂಚಪಾತ್ರೆ ಎತ್ತಿಕೊಂಡ. ಅದರೊಳಗೆ ಒಂದು ಹಿಡಿ ಮೊಳೆ ಸುರಿದ. ಸ್ಟೂಲು ಹತ್ತಿ ಅದನ್ನು ಬಾಗಿಲ ಮೇಲಿನ ಸಜ್ಜೆಗಿಟ್ಟ. ಆಮೇಲೆ ಒಂದು ಕುಂಬಳಕಾಯಿ ಬಂದು ಕಳ್ಳನ ಮುಖ ಮುಚ್ಚಿತು.

ಪದ್ಮ ಎದ್ದುಹೋಗಿ ಸಜ್ಜೆಯಿಂದ ಪಂಚಪಾತ್ರೆ ಇಳಿಸಿದಳು. ಮೊಳೆಗಳು ಒಳಗೆ ಭದ್ರವಾಗಿದ್ದವು.

"ನಾಗಮ್ಮ, ತಪ್ಪಾಯ್ತಮ್ಮ" ಅಂದೆ.

"ಅದಿರ್ಲಿ ಸಾಮಿ. ಇನ್ನೊಂದ್ಸಲ ಹಾಕಿ, ಎದುರ್ಮನೆಯೋರ್ನೂ ಕರೀತೀನಿ."

ಆ ದಿನ ನಮ್ಮ ಮನೆಯಲ್ಲಿ ಆರು ಪ್ರದರ್ಶನ! ನಾಗಮ್ಮ ಟೀವಿ ಪಕ್ಕ ನಿಂತು, "ಇಗೋ, ಈಗ ಬರ್ತಾರೆ ಸಾಮಿ. ನೋಡಿ, ಚೂಡಂಡಿ, ಈಗ ಎತ್ಕೊಂತಾರೆ!" ಎಂದು ಕನ್ನಡ ತೆಲುಗು ಎರಡರಲ್ಲೂ ವಿವರಿಸಿದಳು. ಬಂದವರಿಗೆಲ್ಲ ಕಾಫಿ ಕೊಟ್ಟವನು ಕಳ್ಳ. ಸರೋಜಮ್ಮನವರು ಮೊದಲನೇ ಆಟಕ್ಕೇ ತಲೆ ತಗ್ಗಿಸಿ ಮನೆಗೆ ಹೋಗಿದ್ದರು.

ಸೋಮವಾರ ನಾಗಮ್ಮ ಎಂದಿನಂತೆ ಕೆಲಸಕ್ಕೆ ಬಂದಳು. ಕೆಲಸ ಮುಗಿಸಿ ನನ್ನ ಮುಂದೆ ಬಂದು ಕೈ ಚಾಚಿದಳು.

"ಆ ಸೀಡಿ ಕೊಡಿ ಸಾಮಿ. ಭಾನ್ವಾರ ಹೋಳೂರಿಂದ ನಮ್ಮಕ್ಕ ಬರ್ತಾಳೆ, ತೋರ್ಸ್ಬೇಕು. ನಿಮ್ತಾವಿದ್ರೆ ಎಲ್ಲಾದ್ರೂ ಇಟ್ಟು ಮರ್ತ್‌ಬಿಡ್ತೀರ. ನನ್ತಾವ ಜೋಪಾನವಾಗಿರುತ್ತೆ."

ಪದ್ಮ ಕಡೆ ನೋಡಿದೆ. "ಕೊಡಿ ರೀ" ಅಂದಳು. ಹದಿನೆಂಟು ವರ್ಷದಲ್ಲಿ ನಾಗಮ್ಮನ ಕೈಗೆ ಕೊಟ್ಟದ್ದು ಯಾವುದೂ ಕಳೆದಿಲ್ಲ. ಕಳೆದದ್ದೆಲ್ಲ ನನ್ನ ಕೈಯಲ್ಲೇ.

ಕೊಟ್ಟೆ!