ಬರೋಕ್ ಬಟ್ಟೆಗೆ ಇಸ್ತ್ರಿ

"ಇವತ್ತು ಕೋಪ ಮಾಡಿಕೊಳ್ಳೋದಿಲ್ಲ, ಸೊಸೆಗೊಂದು ಉಪಕಾರ ಮಾಡಿಯೇ ತೀರುತ್ತೇನೆ!" ಎಂದು ಇಸ್ತ್ರಿ ಅಂಗಡಿ ಯಜಮಾನರು ಹಲ್ಲುಜ್ಜುತ್ತಲೇ ಘೋಷಿಸಿದರು.

"ಎರಡರಲ್ಲಿ ಒಂದು ಮಾಡಿ, ಸಾಕು," ಅಂದರು ಹೆಂಡತಿ.

ಮೂವತ್ತು ವರ್ಷದಲ್ಲಿ ಅವರ ಕೈಗೆ ಸಿಕ್ಕಿ ಜೀವಂತ ಉಳಿದ ಸುಕ್ಕು ಒಂದೂ ಇಲ್ಲ. ಅಂಥವರ ಮನೆಯ ಹಜಾರದಲ್ಲೇ, ಫೋಟೊ ಕಲಾವಿದೆ ಸೊಸೆಯ ಹತ್ತು ಗಜ ಕೆಂಪು ರೇಷ್ಮೆ ಕುರ್ಚಿಯ ಮೇಲೆ ಮುದ್ದೆಯಾಗಿ ಬಿದ್ದು ಒಂಬತ್ತು ದಿನ! ನೋಡಿದಾಗಲೆಲ್ಲ ಅಂಗೈ ತುರಿಸುತ್ತಿತ್ತು. ಮಧ್ಯಾಹ್ನ ಸೊಸೆ ಫೋಟೊ ದೀಪ ತರಲು ಹೋದದ್ದೇ ತಡ, ಯಾವ ಪಾಪಿ ಚುಚ್ಚಿದ್ದೋ ಎಂದು ಬೈದುಕೊಳ್ಳುತ್ತಾ ನೂರಾರು ಗುಂಡುಸೂಜಿ ಕಿತ್ತರು, ನೀರು ಚಿಮುಕಿಸಿದರು, ಇಸ್ತ್ರಿ ಪೆಟ್ಟಿಗೆ ಒತ್ತಿದರು. ರೇಷ್ಮೆ ಗಾಳಿಯಿಲ್ಲದ ಕೆರೆಯಾಯಿತು!

ಸೊಸೆ ಬಂದಳು. ದೀಪ ಕೆಳಗಿಟ್ಟು, ರೇಷ್ಮೆಯ ಅಂಚೆತ್ತಿ ಹುಡುಕಿದಳು.

"ಮಾವ... ಮಡಿಕೆಗಳು?"

"ಒಂದೂ ಬಿಟ್ಟಿಲ್ಲಮ್ಮ!"

"ಅಯ್ಯೋ, ಒಂದೊಂದನ್ನೂ ಸೂಜಿ ಚುಚ್ಚಿ ಕೂರಿಸಿದ್ದೆ, ಅವೇ ಅಲ್ವಾ ಚಿತ್ರ! ಬರೋಕ್ ಅಂತ, ಯುರೋಪಿನ ನಾನೂರು ವರ್ಷದ ಹಳೇ ಚಿತ್ರಶೈಲಿ. ಈಗಿನ ಕಲಾವಿದರಿಗೂ ಅದರದ್ದೇ ಹುಚ್ಚು. ಒಂದೇ ಕಡೆಯಿಂದ ಬೆಳಕು, ಸುತ್ತ ಕತ್ತಲು, ಮಡಿಕೆಯಲ್ಲೇ ಬಿರುಗಾಳಿ ಏಳಬೇಕು. ನಾಲ್ಕು ಗಂಟೆಯೊಳಗೆ ಫೋಟೊ ಕಳಿಸದಿದ್ದರೆ ಪ್ರದರ್ಶನದಲ್ಲಿ ನನ್ನ ಜಾಗ ಬೇರೆಯವರಿಗೆ!"

ಆಗಲೇ ಮೂರಾಗಿತ್ತು.

"ಅಷ್ಟೇನಾ! ಸುಕ್ಕು ಮಾಡೋಕೆ ಯಾವ ವಿದ್ಯೆ ಬೇಕು?" ಯಜಮಾನರು ಹಿಂಡಿದರು, ಮುದುರಿದರು, ಎಸೆದರು. ಆದರೆ ಮೂವತ್ತು ವರ್ಷದ ಕೈ ಕೇಳಬೇಕಲ್ಲ! ಬಲಗೈ ಎಬ್ಬಿಸಿದ ಮಡಿಕೆಯನ್ನು ಎಡಗೈ ತಾನಾಗಿ ಹೋಗಿ ಸವರಿಬಿಡುತ್ತಿತ್ತು.

"ರೀ, ಆ ಕೈ ಕಟ್ಟಿಹಾಕಿ!"

"ನೀನು ಬಾಯಿ ಕಟ್ಟಿಹಾಕು!"

"ಬೆಳಿಗ್ಗೆ ಏನೋ ಪ್ರತಿಜ್ಞೆ ಕೇಳಿಸಿದ ಹಾಗಿತ್ತು."

ಮೂರೂವರೆ. ತಾಳ್ಮೆ ಮುಗಿಯಿತು! ರೇಷ್ಮೆಯನ್ನೆತ್ತಿ ರಪ್ಪನೆ ಬೀಸಿದರು. ಅದು ಮೈಗೆ ಸುತ್ತಿತು. ಬಿಡಿಸಿಕೊಳ್ಳಲು ಹೋದರೆ ಕಾಲಿಗೂ ಸುತ್ತಿ, ದೊಪ್ಪನೆ ಕುರ್ಚಿಗೆ ಬಿದ್ದರು. ಒಂದು ಕೈ ಆಕಾಶಕ್ಕೆ, ಬಾಯಿ ಗುಹೆಯಷ್ಟಗಲ: "ಈ ಮನೇಲಿ ನನಗೆ..."

"ಹಾಗೇ ಇರಿ ಮಾವ! ಬೈತಾ ಇರಿ!" ಸೊಸೆ ಪರದೆ ಎಳೆದು, ಪಕ್ಕದಿಂದ ದೀಪ ಹಾಕಿದಳು.

"ಯಾರಿಗೆ ಬೈಲಿ?"

"ನನಗೇ ಬೈರಿ, ಅಭ್ಯಾಸ ಇದೆ," ಅಂದರು ಹೆಂಡತಿ.

ಕ್ಲಿಕ್!

ಪ್ರದರ್ಶನದ ದಿನ ಎಂಟಡಿ ಎತ್ತರದ ಚಿತ್ರದ ಮುಂದೆ ಜನವೋ ಜನ. ಗರಿಗರಿ ಅಂಗಿ ತೊಟ್ಟ ಯಜಮಾನರೂ ನಿಂತರು. ಬೆಳಕು, ಕತ್ತಲು, ಬಿರುಗಾಳಿ, ಎಲ್ಲ ಸರಿ. ಆದರೆ ರೇಷ್ಮೆಯ ಸಂದಿಯಲ್ಲಿ ತಮ್ಮದೇ ಅಂಗಿಯ ಕಾಲರು ಮುದುರಿದೆ! ಎಡಗೈ ಸವರಲು ಹೊರಟೇಬಿಟ್ಟಿತು.

"ಏಯ್, ಮುಟ್ಟಬಾರದು!" ಕಾವಲುಗಾರ ಗದರಿದ.

"ಅದು ನಾನೇ ಕಣಪ್ಪಾ," ಎಂದರು, ಎಂದೂ ಇಲ್ಲದಷ್ಟು ಮೆದುವಾಗಿ.

ಅವನು ಚಿತ್ರ ನೋಡಿದ, ಇವರನ್ನು ನೋಡಿದ. "ಸುಮ್ಮನಿರಿ ಸಾರ್. ಅವರು ನೋಡಿದರೆ ಅಷ್ಟು ಉಗ್ರ, ನೀವು ಇಷ್ಟು ಸಾಧು!"

ಹೆಂಡತಿ ಕಿವಿಯ ಹತ್ತಿರ ಬಗ್ಗಿದರು: "ರೀ, ಒಂದೇ ಒಂದು ಸಲ ನನಗೆ ಬೈದುಬಿಡಿ. ತಕ್ಷಣ ಗುರುತು ಹಿಡೀತಾನೆ."