ಮಾರ್ಗದರ್ಶಿಯೂ ಸಕ್ಕರೆ ಡಬ್ಬಿಯೂ

ಓದುವುದಕ್ಕೂ ಒಂದು ವಿದ್ಯೆ ಇದೆ ಎಂದು ನನಗೆ ಹೇಳಿಕೊಟ್ಟವಳು ನನ್ನ ಮಗಳು. ಅವಳಿಗೆ ನಡೆಯುವುದನ್ನು ಹೇಳಿಕೊಟ್ಟವನು ನಾನು. ಅಲ್ಲಿಗಲ್ಲಿಗೆ ಸರಿಹೋಯಿತು ಎಂದು ಸುಮ್ಮನಿರಬಹುದಿತ್ತು. ಆದರೆ ಒಂದು ವ್ಯತ್ಯಾಸವಿದೆ. ಅವಳು ಬಿದ್ದಾಗಲೆಲ್ಲ ನಾನು ಓಡಿಹೋಗಿ ಎತ್ತಿಕೊಂಡೆ. ನಾನು ಬಿದ್ದಾಗ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

ನಾನು ನೀರು ಸರಬರಾಜು ಇಲಾಖೆಯಲ್ಲಿ ಗುಮಾಸ್ತ. ಮೇಲ್ವಿಚಾರಕರ ಕುರ್ಚಿ ನನ್ನ ಮೇಜಿನಿಂದ ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿದೆ. ನಡುವೆ ಇರುವುದು ಇಲಾಖಾ ಪರೀಕ್ಷೆಯೆಂಬ ಮಹಾಸಾಗರ ಮಾತ್ರ. ಅದಕ್ಕೆ ಎರಡು ಸಲ ಹಾರಿ ಎರಡು ಸಲವೂ ಮುಳುಗಿದ್ದೆ. ಮೂರನೆಯ ಸಲವೂ ಮುಳುಗಿದರೆ ಕುರ್ಚಿ ‘ಆಗ್ಲಿಬಿಡಿ’ಯ ಪಾಲು. (ಏನು ಹೇಳಿದರೂ ‘ಆಗ್ಲಿ ಬಿಡಿ ಸಾರ್’ ಎನ್ನುವುದರಿಂದ ನನ್ನ ಕಿರಿಯ ಸಹೋದ್ಯೋಗಿಗೆ ಆ ಹೆಸರು. ಕಡತಕ್ಕೆ ದಾರ ಕಟ್ಟುವುದನ್ನು ಅವನಿಗೆ ಕಲಿಸಿದವನು ನಾನು. ಅವನೆದುರು ರಜೆಚೀಟಿ ಹಿಡಿದು ನಿಲ್ಲುವುದನ್ನು ನೆನೆದರೆ ಊಟ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಇಳಿಯುತ್ತಿತ್ತು, ಆದರೆ ರುಚಿಸುತ್ತಿರಲಿಲ್ಲ.)

ಇಲಾಖೆ ಆ ವರ್ಷ ನಿಯಮಾವಳಿಯ ಹೊಸ ಆವೃತ್ತಿ ತಂದಿತ್ತು. ತಲೆದಿಂಬಿನಷ್ಟು ದಪ್ಪ. ಹಾಗೆ ಬಳಸಿ ನೋಡಿದ್ದೂ ಹೌದು. ಮಗಳು ಅದನ್ನು ನನ್ನ ತಲೆಯಡಿಯಿಂದ ಎಳೆದಳು.

“ಅಪ್ಪಾ, ಹೀಗೆ ಓದಿದ್ರೆ ಈ ಸಲಾನೂ ಡುಮ್ಕಿ. ನೀನು ಒಂದು ಅಧ್ಯಯನ ಮಾರ್ಗದರ್ಶಿ ಮಾಡ್ಕೋ.”

“ಅಂಗಡೀಲಿ ಸಿಗುತ್ತಲ್ಲಮ್ಮ, ತಂದರಾಯ್ತು.”

“ತರೋದಲ್ಲ, ಮಾಡ್ಕೊಳ್ಳೋದು! ಪಾಠಾನ ತುಂಡು ತುಂಡು ಮಾಡು. ಮುಖ್ಯವಾದ್ದು ಯಾವುದು, ಬೇಡದ್ದು ಯಾವುದು ಬೇರೆ ಮಾಡು. ಮುಖ್ಯವಾದ್ದನ್ನ ನಿನ್ನ ಮಾತಲ್ಲಿ ಚಿಕ್ಕದಾಗಿ ಬರಿ. ಒಂದೊಂದಕ್ಕೆ ಒಂದೊಂದು ಬಣ್ಣ. ಪಕ್ಕದಲ್ಲಿ ಪ್ರಶ್ನೆ. ಆಮೇಲೆ ಎಲ್ಲ ಮುಚ್ಚಿಟ್ಟು ಉತ್ತರ ಹೇಳ್ಕೋ. ಈ ಕೊನೇದೇ ಮುಖ್ಯ.”

ಮಗಳ ಉಪದೇಶವನ್ನು ನಾನು ಅಕ್ಷರಶಃ ಪಾಲಿಸಿದೆ. ಕೊನೆಯದೊಂದನ್ನು ಬಿಟ್ಟು.

‘ತುಂಡು ತುಂಡು ಮಾಡು’ ಎಂದಳಲ್ಲ, ಕತ್ತರಿ ತಂದೆ. ಅಚ್ಚಾಗಿರುವುದನ್ನೇ ಕತ್ತರಿಸಿ ಅಂಟಿಸಬಹುದಾಗಿರುವಾಗ ಇನ್ನೊಮ್ಮೆ ಬರೆಯುವ ಮೂಢ ಯಾರು? ಬಣ್ಣದ ದಪ್ಪ ಹಾಳೆಗಳು, ಗಟ್ಟಿ ಅಂಟು, ಹಾಳೆಯಂಚಿಗೆ ಪ್ರಶ್ನೆ ಬರೆಯಲು ಬಗೆಬಗೆಯ ಪೆನ್ನು ಎಲ್ಲ ಬಂದವು. ಕಚೇರಿಗೆ ರಜೆ ಹಾಕಿ ಊಟದ ಮೇಜನ್ನು ಆಕ್ರಮಿಸಿಕೊಂಡೆ. ಮನೆಮಂದಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣತೊಡಗಿದರು.

ಈಗ ನನ್ನ ಹೆಂಡತಿಯ ವಿಷಯ. ಅವಳು ಗ್ರಂಥಪಾಲಕಿ. ಪುಟದ ಮೂಲೆ ಮಡಚಿದವರನ್ನು ಮನುಷ್ಯರ ಲೆಕ್ಕಕ್ಕೆ ಸೇರಿಸದವಳು. ಅಚ್ಚಾದದ್ದು ಏನು ಕಂಡರೂ, ಪೊಟ್ಟಣದ ಕಾಗದವಾದರೂ ಸರಿ, ನಿಂತು ಓದಿಯೇ ಮುಂದೆ ಹೋಗುವವಳು. ಮೊದಲ ಸಂಜೆ ಕೆಲಸದಿಂದ ಬಂದು ಬಾಗಿಲಲ್ಲೇ ಚೀಲ ಕೆಳಗೆ ಹಾಕಿದಳು.

“ರೀ! ಪುಸ್ತಕಕ್ಕೆ ಕತ್ತರಿ ಹಾಕ್ತಾ ಇದ್ದೀರಾ? ಕೈ ಹೇಗೆ ಬಂತು ನಿಮಗೆ?”

“ಇದು ಕತ್ತರಿಸೋದಲ್ಲ ಕಣೇ. ಜ್ಞಾನದ ವರ್ಗೀಕರಣ.”

“ವರ್ಗೀಕರಣ ನನಗೆ ಹೇಳಿಕೊಡ್ತೀರಾ? ದಿನಾ ನಾನು ಮಾಡೋ ಕೆಲಸ ಅದು. ಒಂದು ದಿನಾನೂ ಕತ್ತರಿ ಬೇಕಾಗಿಲ್ಲ.”

“ಓದೋ ಹೊತ್ತಲ್ಲಿ ಮಾತಾಡಿಸಬೇಡ.”

“ಓದ್ತಾ ಇದ್ದೀರಾ? ನಾನು ಬಟ್ಟೆ ಹೊಲೀತಿದ್ದೀರಿ ಅಂದ್ಕೊಂಡೆ.”

ನಿಜ ಹೇಳಬೇಕೆಂದರೆ ಕಷ್ಟಗಳಿದ್ದವು. ಪುಟಕ್ಕೆ ಎರಡು ಮುಖಗಳಿರುತ್ತವೆ ಎಂಬ ಪರಮಸತ್ಯ ನನಗೆ ಹೊಳೆದದ್ದು ಅರ್ಧ ಪುಸ್ತಕ ಮುಗಿದ ಮೇಲೆ. ಒಳಚರಂಡಿಯ ನಿಯಮವನ್ನು ಅಂದವಾಗಿ ಕತ್ತರಿಸಿ ಅಂಟಿಸಿ ನೋಡಿದರೆ, ಅದರ ಬೆನ್ನಿಗಿದ್ದ ಬಡ್ತಿಯ ನಿಯಮ ಅಂಟಿನೊಳಗೆ ಸಮಾಧಿ! ಅದರ ಬಾಲವೊಂದು ಮಾತ್ರ ಕತ್ತರಿಯ ಈಚೆ ಉಳಿದು ‘…ಅಂಥವರು ಅರ್ಹರಲ್ಲ’ ಎಂದು ನನ್ನನ್ನೇ ನೋಡುತ್ತಿತ್ತು.

ಬೇಡದ್ದನ್ನು ಬೇರೆ ಮಾಡುವುದರಲ್ಲಿ ಮಾತ್ರ ನಾನು ನಿರ್ದಾಕ್ಷಿಣ್ಯವಾಗಿ ನಡೆದುಕೊಂಡೆ. ಮುರಿದ ಕುರ್ಚಿಗಳ ವಿಲೇವಾರಿ, ಗೋದಾಮಿನಲ್ಲಿ ಇಲಿಗಳ ನಿಗ್ರಹ, ತುಕ್ಕು ಹಿಡಿದ ಕೊಳಾಯಿಗಳ ಹರಾಜು, ಇವನ್ನೆಲ್ಲ ಯಾವ ಬುದ್ಧಿವಂತ ಕೇಳಿಯಾನು? ಕೊನೆಯಲ್ಲಿದ್ದ ‘ಪರೀಕ್ಷಾರ್ಥಿಗಳಿಗೆ ಸೂಚನೆಗಳು’ ಎಂಬ ಹಾಳೆಯನ್ನಂತೂ ಓದದೆಯೇ ಎಸೆದೆ. ಎರಡು ಸಲ ನಪಾಸಾದ ಅನುಭವಸ್ಥನಿಗೆ ಸೂಚನೆ ಕೊಡುವವರು ಯಾರು?

ಹೆಂಡತಿ ಆ ಹಾಳೆಗಳನ್ನೆಲ್ಲ ಅನಾಥ ಮಕ್ಕಳನ್ನು ಎತ್ತಿಕೊಳ್ಳುವಂತೆ ಎತ್ತಿಕೊಂಡಳು. “ಎಸೆಯೋಕೆ ನನಗೆ ಮನಸ್ಸು ಬರಲ್ಲ” ಎಂದು ಅಡುಗೆಮನೆಯ ಗೂಡುಗಳಿಗೆಲ್ಲ ಹಾಸಿ, ಮೇಲೆ ಡಬ್ಬಿಗಳನ್ನು ಜೋಡಿಸಿದಳು.

ಅಲ್ಲಿಂದ ಮುಂದೆ ಅವಳು ಆಗಾಗ ಕೈಯಲ್ಲಿ ಸಕ್ಕರೆ ಡಬ್ಬಿ ಹಿಡಿದು ಬಂದು ನಿಲ್ಲುತ್ತಿದ್ದಳು.

“ರೀ, ಈ ಸಲ ಪರೀಕ್ಷೇಲಿ…”

“ಶ್!”

“ಒಂದೇ ಒಂದು ಮಾತು. ಸಕ್ಕರೆ ಡಬ್ಬಿ ಕೆಳಗೆ ಏನು ಬರೆದಿದೆ ಅಂದ್ರೆ…”

“ಸಕ್ಕರೆ ಮುಗಿದಿದ್ದರೆ ಮಗಳಿಗೆ ಹೇಳು. ನಾನೀಗ ವಿಷಯಸೂಚಿ ಮಾಡ್ತಾ ಇದ್ದೀನಿ.”

“ಅಮ್ಮಾ, ಬಿಟ್ಬಿಡು. ಅಪ್ಪ ಇನ್ನೂ ಒಂದು ಸಾಲೂ ಬಾಯಿಪಾಠ ಮಾಡಿಲ್ಲ” ಎಂದು ಒಳಗಿನಿಂದ ಮಗಳ ಕೂಗು.

“ಹೋಗಲಿ, ಕೇಳಿಸಿಕೊಳ್ಳದವರಿಗೆ ಎಷ್ಟು ಸಲ ಹೇಳೋದು!” ಎಂದು ಹೆಂಡತಿ ಡಬ್ಬಿಯನ್ನು ಕುಕ್ಕಿದಳು. ಆಮೇಲೆ ಹೇಳುವುದನ್ನೂ ನಿಲ್ಲಿಸಿದಳು.

ಪರೀಕ್ಷೆಯ ಬೆಳಿಗ್ಗೆ ಮಾರ್ಗದರ್ಶಿ ಸಿದ್ಧವಾಗಿತ್ತು. ಆಹಾ! ಕೆಂಪು, ಹಳದಿ, ಹಸಿರು ಹಾಳೆಗಳು, ಅಂಚಿಗೆ ಪಟ್ಟಿ, ಮುಂದೆ ವಿಷಯಸೂಚಿ, ವಿಷಯಸೂಚಿಗೊಂದು ಕಿರುಸೂಚಿ. ಓದುವುದೊಂದು ಬಾಕಿ. ಬಾಗಿಲು ತೆಗೆಯುವವರೆಗೆ ಕಣ್ಣಾಡಿಸಿದರಾಯಿತು ಎಂದು ಕಂಕುಳಲ್ಲಿ ಇರುಕಿಕೊಂಡು ಹೊರಟೆ.

ಪರೀಕ್ಷಾ ಕೊಠಡಿಯ ಮುಂದೆ ಸಾಲಾಗಿ ನಿಂತವರ ಕೈಯಲ್ಲೆಲ್ಲ ನಿಯಮಾವಳಿ. ಆಗ್ಲಿಬಿಡಿಯ ಪುಸ್ತಕದ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನೂ ಇನ್ನೂ ಹರಿದಿರಲಿಲ್ಲ.

“ಒಳಗೆ ಬಿಡೋ ಹೊತ್ತಾಯ್ತು. ಪುಸ್ತಕ ಆಚೆ ಇಡೋದಿಲ್ವೇನಯ್ಯ?” ಎಂದೆ.

“ಯಾಕೆ ಸಾರ್? ಈ ಸಲ ಪುಸ್ತಕ ನೋಡ್ಕೊಂಡೇ ಬರೆಯೋದಲ್ವಾ? ಸೂಚನೇಲಿ ಹಾಕಿದ್ದಾರಲ್ಲ. ನೀವು ರಜದಲ್ಲಿದ್ರಿ, ಮನೇಲಿ ಓದಿರ್ತೀರಿ ಅಂದ್ಕೊಂಡೆ.”

ಸಕ್ಕರೆ ಡಬ್ಬಿಯ ಕೆಳಗಿನ ಹಾಳೆ ನೆನಪಾಯಿತು. ಆದರೂ ಮರುಕ್ಷಣ ಮುಖ ಅರಳಿತು. ಪುಸ್ತಕವೇನು, ಪುಸ್ತಕದ ಸಾರವೇ ನನ್ನ ಕಂಕುಳಲ್ಲಿದೆ! ಗತ್ತಿನಿಂದ ಒಳಗೆ ಹೋದೆ. ಕನ್ನಡಕದ ಪರೀಕ್ಷಾ ಮೇಲ್ವಿಚಾರಕಿ ಮಾರ್ಗದರ್ಶಿಯನ್ನು ತಿರುವಿದರು.

“ಚೆನ್ನಾಗಿದೆ. ಮಕ್ಕಳು ಮಾಡಿದ್ದಾ?”

“ನಾನೇ.”

“ಇದನ್ನ ಆಚೆ ಇಡಿ. ಅಚ್ಚಾದ ನಿಯಮಾವಳಿ ತರಬಹುದು. ಕೈಬರಹದ ಟಿಪ್ಪಣಿ ನಿಷೇಧ.”

“ಮೇಡಂ, ಇದರಲ್ಲಿ ಇರೋದೆಲ್ಲ ಅಚ್ಚಾದದ್ದೇ. ಅಂಚಲ್ಲಿ ಮಾತ್ರ ಕೈಬರಹ.”

“ಹಾಗಾದ್ರೆ ಅಚ್ಚಾದದ್ದನ್ನ ಬಿಡಿಸಿಕೊಳ್ಳಿ.”

ಬಿಡಿಸಲು ಕೂತೆ. ಅಂಗಡಿಯವನು ‘ಪೈಪ್ ಒಡೆದ್ರೂ ಇದು ಬಿಡಲ್ಲ ಸಾರ್’ ಎಂದು ಕೊಟ್ಟ ಅಂಟು. ಅವನು ಸುಳ್ಳು ಹೇಳಿರಲಿಲ್ಲ. ಉಗುರು ಕಿತ್ತುಬಂತೇ ಹೊರತು ನಿಯಮ ಕಿತ್ತುಬರಲಿಲ್ಲ. ಮಾರ್ಗದರ್ಶಿ ಹೊರಗಿನ ಬೆಂಚಿನ ಮೇಲೆ ಮಲಗಿತು. ನಾನು ಒಳಗಿನ ಬೆಂಚಿನ ಮೇಲೆ ಬರಿಗೈಯಲ್ಲಿ ಕೂತೆ. ಆಗ್ಲಿಬಿಡಿ ಪಕ್ಕದಲ್ಲಿ ಚರಚರನೆ ಪ್ಲಾಸ್ಟಿಕ್ ಹರಿದ. ನನ್ನ ಎದೆ ಹರಿದ ಸದ್ದೂ ಅದರಲ್ಲಿ ಸೇರಿತ್ತು.

ಪ್ರಶ್ನೆಪತ್ರಿಕೆ ಇನ್ನೂ ಹಂಚಿರಲಿಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ಗಲಾಟೆ. ಹೆಲ್ಮೆಟ್ ಕೂಡ ತೆಗೆಯದೆ ನನ್ನ ಹೆಂಡತಿ! ಹಿಂದೆ ಸ್ಕೂಟರಿನ ಕೀಲಿ ಹಿಡಿದ ಮಗಳು.

“ಇವರ ಪುಸ್ತಕ ಮನೇಲಿ ಉಳಿದಿತ್ತು ಮೇಡಂ. ಅಂದ್ರೆ, ಪುಸ್ತಕದಲ್ಲಿ ಉಳಿದಿದ್ದು” ಎಂದು ಹಾಳೆಗಳ ಕಟ್ಟನ್ನು ಚಾಚಿದಳು.

ಮೇಲ್ವಿಚಾರಕಿ ಒಂದೊಂದೇ ಹಾಳೆ ಎತ್ತಿ ಹಿಂದೆಮುಂದೆ ನೋಡಿದರು. ಮೂಸಿದರು. “ಎಣ್ಣೆ, ಕಾಳುಮೆಣಸು… ಕೈಬರಹ ಎಲ್ಲೂ ಇಲ್ಲ. ತಗೊಳ್ಳಲಿ.”

ಹೆಂಡತಿ ನನ್ನ ಕಿವಿಯ ಬಳಿ ಬಗ್ಗಿದಳು. ಧೈರ್ಯ ಹೇಳುತ್ತಾಳೆ ಎಂದುಕೊಂಡೆ.

“ಈಗ ಅನ್ನಿ ನೋಡೋಣ, ಶ್ ಅಂತ.”

ಕೈಗೆ ಬಂದದ್ದು ನಾನೇ ಬೇಡವೆಂದು ಎಸೆದ ಪುಟಗಳು. ಪ್ರಶ್ನೆಪತ್ರಿಕೆ ಬಿಡಿಸಿದೆ. ಮುರಿದ ಕುರ್ಚಿಗಳ ವಿಲೇವಾರಿ ಹೇಗೆ? ಗೋದಾಮಿನಲ್ಲಿ ಇಲಿ ಕಂಡರೆ ಯಾರಿಗೆ ವರದಿ ಮಾಡಬೇಕು? ತುಕ್ಕು ಹಿಡಿದ ಕೊಳಾಯಿಯ ಹರಾಜಿನ ಕ್ರಮವನ್ನು ವಿವರಿಸಿ. ಕಣ್ಣುಜ್ಜಿಕೊಂಡು ಮತ್ತೆ ಓದಿದೆ. ಪತ್ರಿಕೆ ತೆಗೆದವನು ನಮ್ಮ ಅಡುಗೆಮನೆಯಲ್ಲಿ ಕೂತೇ ತೆಗೆದಿರಬೇಕು!

ಬರೆದೆ. ಅಡ್ಡಿ ಮಾಡಿದ್ದು ಇರುವೆಗಳು ಮಾತ್ರ. ಸಕ್ಕರೆ ಡಬ್ಬಿಯ ಅಡಿಯಲ್ಲಿದ್ದ ಹಾಳೆಯೊಡನೆ ಸಂಸಾರ ಸಮೇತ ಬಂದಿದ್ದ ಅವು ಉತ್ತರಪತ್ರಿಕೆಯ ಮೇಲೆ ಮೆರವಣಿಗೆ ಹೊರಟವು. ಒಂದಷ್ಟು ಮಂದಿ ಆಗ್ಲಿಬಿಡಿಯ ತೋಳೇರಿದರು. ಅವನು ಕೆರೆದುಕೊಳ್ಳುತ್ತ “ಆಗ್ಲಿ ಬಿಡಿ ಸಾರ್” ಎಂದ. ಜನ್ಮದಲ್ಲಿ ಮೊದಲ ಸಲ ಅವನ ಮೇಲೆ ಪ್ರೀತಿ ಉಕ್ಕಿತು.

ಫಲಿತಾಂಶ ಬಂತು. ಪಾಸು! ಬಾಗಿಲ ಸಂದಿಯಲ್ಲಿ ನುಸುಳಿದಂಥ ಪಾಸು, ಆದರೂ ಪಾಸೇ. ಸೇವಾ ಹಿರಿತನದ ಮೇಲೆ ಬಡ್ತಿಯೂ ಬಂತು. ಆದೇಶವನ್ನು ಮನೆಯಲ್ಲಿ ನಿಂತುಕೊಂಡು ಗಟ್ಟಿಯಾಗಿ ಓದಿದೆ. ‘ಪರೀಕ್ಷೆಯಲ್ಲಿ ತೋರಿದ ವಿಶೇಷ ಪರಿಣತಿಯನ್ನು ಗಮನಿಸಿ, ಇವರನ್ನು ನಿರುಪಯುಕ್ತ ವಸ್ತುಗಳ ವಿಲೇವಾರಿ ವಿಭಾಗದ ಮೇಲ್ವಿಚಾರಕರನ್ನಾಗಿ…’

“ಬೇಡದ್ದರ ಸಾಹೇಬರು!” ಎಂದು ಮಗಳು ಸೋಫಾದ ಮೇಲೆ ಬಿದ್ದಳು. (ಆ ಹೊಟ್ಟೆ ಹಿಡಿದ ನಗು ಇದೇ.) ಕೈ ಚಾಚಿದರೆ ಸಿಗುತ್ತಿದ್ದ ಕುರ್ಚಿ ಆಗ್ಲಿಬಿಡಿಗೇ ಹೋಯಿತು. ನನ್ನದು ಈಗ ಗೋದಾಮಿನ ಹಿಂದೆ, ಮುರಿದ ಕುರ್ಚಿಗಳ ನಡುವೆ ಇದೆ. ಅದರ ಒಂದು ಕಾಲು ಸರಿಯಿಲ್ಲ.

ಸಂಕಟ ತಾಳಲಾರದೆ ಒಂದು ಲೋಟ ಕಾಫಿಯನ್ನಾದರೂ ಮಾಡಿಕೊಳ್ಳೋಣ ಎಂದು ಅಡುಗೆಮನೆಗೆ ಹೋದೆ. ಬರಿದಾಗಿದ್ದ ಗೂಡುಗಳೆಲ್ಲ ಬಣ್ಣಬಣ್ಣವಾಗಿ ಹೊಳೆಯುತ್ತಿದ್ದವು. ಕೆಂಪು ಹಾಳೆ, ಹಳದಿ ಹಾಳೆ, ಹಸಿರು ಹಾಳೆ. ಅಯ್ಯೋ! ನನ್ನ ಮಾರ್ಗದರ್ಶಿ!

“ಅವತ್ತು ಬೆಂಚಿನ ಮೇಲಿಂದ ಎತ್ಕೊಂಡು ಬಂದೆ. ದಪ್ಪ ಕಾಗದ, ಎಣ್ಣೆ ಬಿದ್ರೂ ಇಳಿಯಲ್ಲ” ಎಂದಳು ಹೆಂಡತಿ ಮೆಚ್ಚುಗೆಯಿಂದ. “ನೀವು ಮಾಡಿದ್ದು ವ್ಯರ್ಥ ಆಗಲಿಲ್ಲ ನೋಡಿ.”

ಡಬ್ಬಿಗಳೆಲ್ಲ ಸ್ಥಾನಪಲ್ಲಟಗೊಂಡಿದ್ದವು. ಒಂದರಲ್ಲಿ ಉಪ್ಪು, ಇನ್ನೊಂದರಲ್ಲಿ ಸೋಡಾಪುಡಿ, ಮತ್ತೊಂದರಲ್ಲಿ ಗುಂಡಿಗಳು.

“ಸಕ್ಕರೆ ಎಲ್ಲಿಟ್ಟಿದ್ದೀಯೇ?” ಎಂದು ಕೂಗಿದೆ.

ತಾಯಿ ಮಗಳಿಬ್ಬರೂ ಒಟ್ಟಿಗೆ ಬಾಗಿಲಿನ ಹಿಂಬದಿಗೆ ಬೆರಳು ತೋರಿಸಿದರು. ಅಲ್ಲಿ ನನ್ನ ವಿಷಯಸೂಚಿ ಅಂಟಿತ್ತು. ಒಳಚರಂಡಿಯ ಸಾಲನ್ನು ಹೊಡೆದುಹಾಕಿ, ಗ್ರಂಥಪಾಲಕಿಯ ಗುಂಡಗಿನ ಅಕ್ಷರದಲ್ಲಿ ‘ಸಕ್ಕರೆ: ಹಸಿರು ಹಾಳೆ, ಬಲಗಡೆ’ ಎಂದು ಬರೆದಿತ್ತು.

ಕೈಬರಹ, ನಿಷೇಧ ಎನ್ನೋಣವೆಂದು ಬಾಯಿ ತೆರೆದೆ.

“ಶ್!” ಎಂದಳು ಹೆಂಡತಿ.